ಬ್ರೇಕಣ್ಣನ ಗಾಳ

ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಡಿಪೋದವರು ಅವನಿಗಿಟ್ಟ ಹೆಸರು ಬ್ರೇಕಣ್ಣ. ಅದರಲ್ಲಿ ಅರ್ಧ ಗೇಲಿ, ಅರ್ಧ ಗೌರವ. ರಸ್ತೆಯಂಚಿನಲ್ಲಿ ನಾಯಿಯೊಂದು ಬಾಲ ಅಲ್ಲಾಡಿಸಿದರೂ ಸಾಕು, ಬ್ರೇಕಣ್ಣನ ಬಲಗಾಲು ಕೆಳಗಿಳಿದಿರುತ್ತಿತ್ತು. ಒಳಗೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಶಾಪ ಹಾಕುತ್ತಿದ್ದರು. ಹಾಕಿಕೊಳ್ಳಲಿ ಬಿಡಿ. ಅಷ್ಟು ವರ್ಷದ ಸರ್ವಿಸ್ಸಿನಲ್ಲಿ ಅವನ ಗಾಲಿಗೆ ಒಂದು ಕೋಳಿಮರಿಯೂ ಸಿಕ್ಕಿರಲಿಲ್ಲ. ಮನಸ್ಸಿಗೆ ಏನಾದರೂ ತಟ್ಟಿತು ಅಂದರೆ ಒತ್ತಿಬಿಡಬೇಕು, ಯೋಚನೆ ಮಾಡುತ್ತ ಕೂರುವವನು ಡ್ರೈವರೇ ಅಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ.

ಅಂಥವನ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ ಒಳಗೊಳಗೇ ಕೆಲಸ ಮಾಡಿ, ಮೊದಲು ಬಲಗಣ್ಣಿನಲ್ಲಿ ರಕ್ತ ಸೋರಿತು, ಆಮೇಲೆ ಎಡಗಣ್ಣಿನಲ್ಲಿ. ಡಾಕ್ಟರು ಸೂಜಿ ಚುಚ್ಚಿದರು, ಬೆಳಕು ಹಾಯಿಸಿದರು, ಕೊನೆಗೆ ಕೈ ಚೆಲ್ಲಿದರು. ಕಣ್ಣಿಲ್ಲದವರು ಬದುಕುವುದಿಲ್ಲವೇ ಎಂದು ಬಂದವರೆಲ್ಲ ಸಮಾಧಾನ ಹೇಳಿ, ಟೀ ಕುಡಿದು ಹೋದರು. ಹೇಳುವವರಿಗೇನು ಗಂಟು ಹೋಗುತ್ತದೆ? ಬ್ರೇಕಣ್ಣ ಮಂಚ ಹಿಡಿದ. ಗಡ್ಡ ಬೆಳೆಯಿತು, ಮೈ ಇಳಿಯಿತು. ತಟ್ಟೆ ಮುಂದಿಟ್ಟರೆ ಒಂದೆರಡು ತುತ್ತು ತಿಂದು ತಳ್ಳುವನು. ಮಾತಾಡಿಸಿದರೆ ಗೋಡೆಯ ಕಡೆ ಹೊರಳುವನು.

ಅವನ ಹೆಂಡತಿಯನ್ನು ಬೀದಿಯವರೆಲ್ಲ ಕರೆಯುವುದು ಟೈಲರಮ್ಮ ಎಂದು. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಮೈ ಬಂದವರ ಬಟ್ಟೆ ಸಡಿಲಿಸುತ್ತ, ಮೈ ಇಳಿದವರ ಬಟ್ಟೆ ಬಿಗಿ ಮಾಡುತ್ತ ಸಂಸಾರ ಸಾಗಿಸುವವಳು. ಮಕ್ಕಳಿಲ್ಲ. ಇವಳಿಗೆ ಅವನು, ಅವನಿಗೆ ಇವಳು, ಅಷ್ಟೇ.

ಒಂದು ಬೆಳಿಗ್ಗೆ, ಎಷ್ಟೋ ದಿನಗಳ ಮೇಲೆ ಬ್ರೇಕಣ್ಣ ತಾನಾಗಿಯೇ ಬಾಯಿ ತೆರೆದ.

“ಬಾಲ್ಕನಿ ಬಾಗಿಲು ಒಳಕ್ಕೆ ತೆಗೆಯುತ್ತಾ, ಹೊರಕ್ಕಾ? ಮರೆತೇಹೋಗಿದೆ ನೋಡು.”

ಅವರದು ಕಟ್ಟಡದ ಕೊನೆಯ ಮಹಡಿ. ಬಾಲ್ಕನಿಯ ಕಂಬಿ ಅವನ ಸೊಂಟದ ಮಟ್ಟಕ್ಕಿತ್ತು. ಅದರಾಚೆ ಕೆಳಗೆ ಕಲ್ಲು ಹಾಸಿದ ಬೀದಿ. ಯಾಕೆ ಕೇಳಿದಿರಿ ಎಂದು ಕೇಳುವ ಧೈರ್ಯ ಟೈಲರಮ್ಮನಿಗೆ ಬರಲಿಲ್ಲ. ಆ ಕ್ಷಣವೇ ಬಾಗಿಲಿಗೆ ಬೀಗ ಹಾಕಿದಳು. ಕೀಲಿಕೈಯನ್ನು ಅಳತೆ ಟೇಪಿನ ತುದಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಹೊಲಿಯುವವರ ಕೊರಳಿಗೆ ಒಮ್ಮೆ ಏರಿದ ಟೇಪು ದಿನವಿಡೀ ಇಳಿಯುವುದಿಲ್ಲ. ಬೀದಿಗಿಳಿಯುವಾಗಷ್ಟೇ ತೆಗೆದು ಯಂತ್ರದ ಗಾಲಿಗೆ ನೇತುಹಾಕುವುದು ರೂಢಿ. ಅವಳು ಬೀದಿಗಿಳಿಯುವುದನ್ನೇ ಬಿಟ್ಟಳು. ಬಟ್ಟೆ ಕೊಡುವವರು, ಒಯ್ಯುವವರು ಎಲ್ಲರೂ ಮೆಟ್ಟಿಲು ಹತ್ತಿಯೇ ಬರಬೇಕಾಯಿತು. ಮೊಣಕಾಲು ನೋವಿನವರು ಗೊಣಗಿದರು. ಗೊಣಗಲಿ ಎಂದು ಸುಮ್ಮನಿದ್ದಳು.

ವಿಷಯ ತಿಳಿದು ಓಡಿಬಂದವಳು ನಾದಿನಿ, ಬ್ರೇಕಣ್ಣನ ತಂಗಿ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸು. ಬಾಯಿ ಜೋರು, ಕರುಳು ಮೆತ್ತಗೆ. ಬರುವಾಗ ಚೀಲದಲ್ಲಿ, ಟೀವಿಗೆ ಹಚ್ಚಿ ಆಡುವ ತನ್ನ ಹಳೇ ಗೇಮಿನ ಡಬ್ಬಿ ಹಾಕಿಕೊಂಡು ಬಂದಿದ್ದಳು. ಡ್ಯೂಟಿ ಮುಗಿಸಿ ತಲೆ ಕೆಟ್ಟಾಗ ಅವಳು ಆಡುವ ಆಟ ಅದರಲ್ಲಿತ್ತು. ಆಟದ ಕತೆ ಭಾರಿ ಗಂಭೀರವಾದದ್ದೇ: ರಾಕ್ಷಸ ರಾಜನೊಬ್ಬ ಊರೂರನ್ನೇ ಸುಡುತ್ತಿದ್ದಾನೆ, ರಾಜಕುಮಾರಿ ಸೆರೆಯಲ್ಲಿದ್ದಾಳೆ, ಲೋಕ ಕಾಪಾಡಲು ಹುಟ್ಟಿದ ವೀರ ಕತ್ತಿ ಹಿಡಿದು ಹೊರಟಿದ್ದಾನೆ. ಆದರೆ ದಾರಿಯಲ್ಲೊಂದು ಕೆರೆ ಸಿಗುತ್ತದೆ. ವೀರ ಕತ್ತಿಯನ್ನು ಪಕ್ಕಕ್ಕಿಟ್ಟು ಅಲ್ಲಿ ಗಾಳ ಹಾಕಿಕೊಂಡು ವರ್ಷಗಟ್ಟಲೆ ಕೂತರೂ ಕೇಳುವವರಿಲ್ಲ. ರಾಕ್ಷಸ, ಪಾಪ, ಕಾಯುತ್ತಾನೆ. ತಾನಂತೂ ಆ ರಾಕ್ಷಸನ ಮುಖವನ್ನೇ ಇನ್ನೂ ನೋಡಿಲ್ಲ, ಕೆರೆ ದಂಡೆ ಬಿಟ್ಟು ಎದ್ದಿದ್ದರೆ ತಾನೇ ಎಂದಳು ನಾದಿನಿ.

ಡಬ್ಬಿಯನ್ನು ಟೀವಿಗೆ ಸಿಕ್ಕಿಸಿ, ಅದರ ಗುಂಡಿಗಳಿರುವ, ವೈರಿಲ್ಲದ ಕಂಟ್ರೋಲರನ್ನು ಅಣ್ಣನ ಕೈಗೆ ತುರುಕಿ, ಮೀನು ಬಂದರೆ ಇದು ಕೈಯೊಳಗೇ ಗುದ್ದುತ್ತದೆ, ಆಗ ಹೆಬ್ಬೆರಳ ಕೆಳಗಿನ ಗುಂಡಿ ಒತ್ತಿ ಹಿಡಿ, ನೋಡುವ ಕೆಲಸವೇ ಇಲ್ಲ ಎಂದು ಹೇಳಿಕೊಟ್ಟಳು. ಆ ಕೆರೆಯ ತಳದಲ್ಲಿ ಕೆರೆಯಜ್ಜ ಅಂತ ಒಂದು ಮುದಿ ಮೀನಿದೆ, ಆಡುವವರೆಲ್ಲ ಅದಕ್ಕಾಗಿಯೇ ಕಾಯುತ್ತಾರೆ, ತನಗೂ ಸಿಕ್ಕಿಲ್ಲ ಎಂದು ಆಸೆಯನ್ನೂ ಹಚ್ಚಿದಳು. ಅಷ್ಟರಲ್ಲಿ ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು. ಒಂದು ಮೀನನ್ನಾದರೂ ಹಿಡಿದು ತೋರಿಸಿ ಹೋಗಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ.

ಬ್ರೇಕಣ್ಣ ಆ ವಸ್ತುವನ್ನು ಸತ್ತ ಹಕ್ಕಿಯ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಟೈಲರಮ್ಮ ಯಂತ್ರದ ಮುಂದಿನಿಂದ ಒಂದು ಕಣ್ಣು ಅವನ ಮೇಲೆ, ಒಂದು ಕಣ್ಣು ಟೀವಿಯ ಮೇಲೆ ಇಟ್ಟಿದ್ದಳು. ಟೀವಿಯಲ್ಲಿ ಕೆರೆ, ದಂಡೆಯ ಮೇಲೆ ವೀರ, ನೀರ ಮೇಲೆ ಗಾಳದ ದಾರಕ್ಕೆ ಕಟ್ಟಿದ ಕೆಂಪು ಬೆಂಡು. ಬೆಂಡು ಒಂದಿಷ್ಟೇ ಅಲುಗಿತು. ಕಂಟ್ರೋಲರ್ ಒಮ್ಮೆ ಗುದ್ದಿರಬೇಕು; ಬ್ರೇಕಣ್ಣನ ಹೆಬ್ಬೆರಳು ತಟ್ಟನೆ ಒತ್ತಿತು. ಬಲಗಾಲೂ ನೆಲ ಒತ್ತಿತು. ಟೀವಿಯಿಂದ ‘ಗುಳುಂ’ ಎಂಬ ಸದ್ದು ಬಂತು.

“ಸಿಕ್ತಾ?” ಎಂದ.

ಸಿಕ್ಕಿರಲಿಲ್ಲ. ಮೀನು ಇನ್ನೂ ಎರೆಯನ್ನು ಮೂಸಿ ನೋಡುತ್ತಿದ್ದಾಗಲೇ ಎಳೆದುಬಿಟ್ಟಿದ್ದ. ಅದು ಗುಳುಂ ಎಂದು ನೀರಿಗಿಳಿದು ಪರಾರಿಯಾಗಿತ್ತು. ಟೀವಿಯಲ್ಲಿ ವೀರ ತಲೆ ಕೆರೆದುಕೊಂಡು, ತಾನೇ ಮತ್ತೆ ಗಾಳ ಬೀಸಿ ಕೂತ. ಅದನ್ನೆಲ್ಲ ಹೇಳೋಣವೆಂದೇ ಟೈಲರಮ್ಮ ತಿರುಗಿದಳು. ಆದರೆ ಗಂಡನ ಮುಖ ನೋಡಿದಳು. ಕತ್ತು ಮುಂದೆ ಚಾಚಿದ್ದ, ಹುಬ್ಬು ಮೇಲೇರಿತ್ತು, ಬಾಯಿ ಅರ್ಧ ತೆರೆದಿತ್ತು. ಕಣ್ಣು ಹೋದ ಮೇಲೆ ಆ ಮುಖದಲ್ಲಿ ಅಷ್ಟು ಜೀವ ಕಂಡೇ ಇರಲಿಲ್ಲ.

“ಸಿಕ್ತು” ಎಂದಳು.

ಹೀಗೆ ಶುರುವಾಯಿತು. ಗುಳುಂ ಅಂದರೆ ಮೀನು ದಡಕ್ಕೆ ಬಿದ್ದ ಸದ್ದು ಎಂದು ಬ್ರೇಕಣ್ಣ ನಂಬಿದ. ಯಾವ ಮೀನು, ಎಷ್ಟುದ್ದ, ಯಾವ ಬಣ್ಣ ಎಂದು ಕೇಳತೊಡಗಿದ. ಟೈಲರಮ್ಮನಿಗೆ ಮೀನಿನ ಗಂಧಗಾಳಿಯೂ ಇಲ್ಲ. ಸೂಜಿಯ ಕೆಳಗೆ ಆ ಹೊತ್ತು ಯಾವ ಬಟ್ಟೆ ಇತ್ತೋ ಅದೇ ಮೀನಾಯಿತು. ವೆಲ್ವೆಟ್ ಪರದೆ ಹೊಲಿಯುವಾಗ ಕಡುಹಸಿರು ಮೀನು, ಸವರಿದರೆ ಬಣ್ಣ ಬದಲಾಗುವಂಥದ್ದು. ಪಟ್ಟೆ ಶರ್ಟು ಹಿಡಿದಿದ್ದರೆ ಪಟ್ಟೆ ಮೀನು. ಶಾಲೆಯ ಯೂನಿಫಾರಮ್ಮು ಬಂದ ವಾರ ಪೂರ್ತಿ ಒಂದೇ ಥರದ ಬೂದು ಮೀನುಗಳು ಗುಂಪುಗುಂಪಾಗಿ ಬಿದ್ದವು. ಒಮ್ಮೆ ಕೋಟಿನ ಕೆಲಸ ನಡೆದಿತ್ತು. ಎದೆಯ ಮೇಲೆ ಸಾಲಾಗಿ ದುಂಡು ಚುಕ್ಕೆಯಿರುವ ಮೀನು ಎಂದುಬಿಟ್ಟಳು.

“ನಿನ್ನ ಕೆರೆ ಮೀನಿಗೆಲ್ಲ ಗುಂಡಿ ಇರ್ತಾವಲ್ಲೇ” ಎಂದು ಬ್ರೇಕಣ್ಣ ನಕ್ಕ. ಅವನು ನಕ್ಕದ್ದು ಕೇಳಿ ಟೈಲರಮ್ಮ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಆ ಸದ್ದಿನಲ್ಲಿ ಅತ್ತಳು.

ಸುಳ್ಳು ಅವನನ್ನು ಮಂಚದಿಂದ ಎಬ್ಬಿಸಿತು. ಊಟ ಸರಿಹೋಯಿತು. ಗಡ್ಡ ತೆಗೆಸಿಕೊಂಡ. ಬೆಳಿಗ್ಗೆ ಎದ್ದವನೇ ಕುರ್ಚಿ ಹುಡುಕಿಕೊಂಡು ಬಂದು, ಬಸ್ಸಿನ ಸೀಟಿಗೆ ಏರುವ ಗತ್ತಿನಲ್ಲೇ ಕೂರುತ್ತಿದ್ದ. ಅವನ ಜೊತೆ ಅದೇ ರೂಟಿನಲ್ಲಿ ದುಡಿದಿದ್ದ ಕಂಡಕ್ಟರ್ ನೋಡಲು ಬಂದಾಗ ಇವನದು ಮೀನಿನ ಪುರಾಣವೇ ಪುರಾಣ. ಕೂತು ನೋಡು, ಈಗೊಂದು ಹಿಡಿದು ತೋರಿಸ್ತೀನಿ ಎಂದ. ಕಂಡಕ್ಟರ್ ಕೂತು ನೋಡಿದ. ಬೆಂಡು ಅಲುಗಿತು, ಬ್ರೇಕಣ್ಣ ಒತ್ತಿದ, ಗುಳುಂ ಎಂದಿತು, ವೀರ ತಲೆ ಕೆರೆದುಕೊಂಡ. ಕಂಡಕ್ಟರನ ಬಾಯಿ ತೆರೆಯಿತು. ಅಷ್ಟರಲ್ಲಿ ಟೈಲರಮ್ಮ ಗಂಡನ ಬೆನ್ನ ಹಿಂದೆ ಎರಡೂ ಕೈ ಜೋಡಿಸಿ ನಿಂತಿದ್ದಳು. ಕಂಡಕ್ಟರ್ ಅವಳನ್ನೊಮ್ಮೆ, ಟೀವಿಯನ್ನೊಮ್ಮೆ ನೋಡಿ, ಭಾರಿ ಮೀನು ಕಣಯ್ಯ ಎಂದು ಗೆಳೆಯನ ಬೆನ್ನು ತಟ್ಟಿದ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, ಇದು ಎಲ್ಲೀವರೆಗೆ ತಾಯಿ ಎಂದ. ಅವಳು ಬಾಲ್ಕನಿ ಬಾಗಿಲಿನ ಬೀಗದ ಕಡೆ ಬೆರಳು ಮಾಡಿದಳು. ಅವನು ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ.

ನಾದಿನಿಯ ಬಾಯಿ ಹಾಗೆ ಮುಚ್ಚುವಂಥದ್ದಲ್ಲ. ರಜೆಯ ದಿನ ಬಂದು, ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಅತ್ತಿಗೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ದಬಾಯಿಸಿದಳು. ಆಟದಲ್ಲಿ ಮೊದಲು ಒಂದೆರಡು ಸಣ್ಣ ಗುದ್ದು ಬರುತ್ತವೆ, ಅದು ಮೀನು ರುಚಿ ನೋಡುವುದು. ಅದನ್ನು ಬಿಟ್ಟು ಕಾದರೆ ಆಮೇಲೆ ಒಂದು ದೊಡ್ಡ ಎಳೆತ ಬರುತ್ತದೆ, ಆಗ ಒತ್ತಬೇಕು. ಇಷ್ಟನ್ನು ಹೇಳಿದ್ದರೆ ಎಂದೋ ಹಿಡಿಯುತ್ತಿದ್ದನಲ್ಲ ಎಂದಳು. ಸರಿ, ಈಗಲಾದರೂ ಹೇಳೋಣವೆಂದು ಅಣ್ಣನ ಪಕ್ಕ ಕೂತು ನಯವಾಗಿಯೇ ತೆಗೆದಳು: ಮೊದಲ ಗುದ್ದಿಗೇ ಒತ್ತಬೇಡ ಅಣ್ಣ, ಸ್ವಲ್ಪ ತಡಿ.

ಬ್ರೇಕಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. “ಇಡೀ ಕೆರೆ ಖಾಲಿ ಮಾಡಿದೋನಿಗೆ ನೀನು ಮೀನು ಹಿಡಿಯೋದು ಹೇಳ್ಕೊಡ್ತೀಯಾ?” ಎಂದ. “ನನ್ನ ಕೈ ಮಾತ್ರ ಇನ್ನೂ ಸರಿಯಾಗಿದೆ. ಅದನ್ನೂ ತಪ್ಪು ಅನ್ನಬೇಡ.”

ನಾದಿನಿ ಅತ್ತಿಗೆಯ ಮುಖ ನೋಡಿದಳು. ಈಗ ನೋಡಿ ಟೈಲರಮ್ಮನ ಇಕ್ಕಟ್ಟು. ಕಾಯುವುದನ್ನು ಕಲಿಸಬೇಕೆಂದರೆ, ನೀವು ಈವರೆಗೆ ಒಂದೂ ಹಿಡಿದಿಲ್ಲ ಎಂದು ಹೇಳಬೇಕು. ಹಾಗೆ ಹೇಳಿದ ದಿನ ಅವನು ಮತ್ತೆ ಬಾಲ್ಕನಿ ಬಾಗಿಲಿನ ಬಗ್ಗೆ ಕೇಳುತ್ತಾನೆ. ಹೇಳದಿದ್ದರೆ ಅವನು ಸಾಯುವವರೆಗೂ ಮೊದಲ ಗುದ್ದಿಗೇ ಒತ್ತುತ್ತಾನೆ, ಇವಳು ಸಾಯುವವರೆಗೂ ಮೀನು ಹೊಲಿಯುತ್ತ ಕೂರಬೇಕು. ಹೋಗುವಾಗ ನಾದಿನಿ ಖಡಾಖಂಡಿತವಾಗಿ ಹೇಳಿದಳು: ಮುಂದಿನ ರಜೆಯೊಳಗೆ ನೀವೇ ಹೇಳಿ ಅತ್ತಿಗೆ, ಇಲ್ಲದಿದ್ದರೆ ನಾನೇ ಹೇಳಿಬಿಡುತ್ತೇನೆ, ಅವನನ್ನು ಹೀಗೆ ಕೂಸು ಮಾಡಿಟ್ಟಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಟೈಲರಮ್ಮನಿಗೆ ನಿದ್ದೆ ಹೋಯಿತು. ಹಗಲಿಡೀ ಯೋಚಿಸಿ ಯೋಚಿಸಿ ಅವಳಿಗೊಂದು ಉಪಾಯ ಹೊಳೆಯಿತು. ಉಪಾಯವಲ್ಲ ಅದು, ಬುದ್ಧಿಗೆ ಬಡಿದ ಮಂಕು. ಕೆರೆಯಜ್ಜನನ್ನೇ ಹಿಡಿಸಿಬಿಟ್ಟರೆ? ಅದಕ್ಕಿಂತ ದೊಡ್ಡದು ಆ ಕೆರೆಯಲ್ಲಿಲ್ಲ. ಅಲ್ಲಿಗೆ ಅವನ ಆಸೆ ತೀರುತ್ತದೆ, ಆಟ ಮುಗಿಯುತ್ತದೆ, ಡಬ್ಬಿಯನ್ನು ಕಟ್ಟಿ ನಾದಿನಿಗೆ ಕೊಟ್ಟುಬಿಡಬಹುದು. ಸುಳ್ಳು ಸುಳ್ಳಾಗಿಯೇ ಹೂತುಹೋಗುತ್ತದೆ, ಅವನಿಗೆ ಗೆದ್ದ ಖುಷಿ ಉಳಿಯುತ್ತದೆ. ಹೀಗೆಂದುಕೊಂಡು, ಮರುದಿನ ಗುಳುಂ ಎಂದದ್ದೇ ತಡ, ಯಂತ್ರ ನಿಲ್ಲಿಸಿ ಎದ್ದು ನಿಂತಳು. ಅಯ್ಯೋ, ಕೆರೆಯಜ್ಜ ಕಣ್ರೀ ಎಂದಳು. ಅದರ ಬಿಳಿ ಮೀಸೆ, ಮೈಮೇಲಿನ ಪಾಚಿ, ಹಳೇ ಗಾಳಗಳು ಚುಚ್ಚಿಕೊಂಡ ತುಟಿ, ಎಲ್ಲವನ್ನೂ ವರ್ಣಿಸಿದಳು. ಅಂದು ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಎಲ್ಲವೂ ಸ್ವಂತ ಕಸುಬು.

ಬ್ರೇಕಣ್ಣ ಎರಡೂ ಕೈ ಮೇಲೆತ್ತಿದ. ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡ. ಆ ಸಂಜೆ ಕಂಡಕ್ಟರನಿಗೆ ಫೋನು ಮಾಡಿಸಿದ, ತಂಗಿಗೂ ಮಾಡಿಸಿದ. ತಂಗಿ ಆ ಕಡೆ ಸುಮ್ಮನಿದ್ದುದನ್ನು ಹೊಟ್ಟೆಕಿಚ್ಚು ಅಂದುಕೊಂಡ. ಹೊಟ್ಟೆತುಂಬ ಉಂಡ.

ಮರುದಿನ ಬೆಳಿಗ್ಗೆ ಅವನು ಕುರ್ಚಿಗೆ ಬರಲಿಲ್ಲ. ಮಂಚದ ಮೇಲೆಯೇ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ ಮಗುಚಿಕೊಂಡು. ಆಡುವುದಿಲ್ಲವೇ ಎಂದು ಕೇಳಿದ್ದಕ್ಕೆ, “ಎಲ್ಲ ಮುಗೀತಲ್ಲ” ಎಂದ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಕೀ ಕೊಟ್ಟು, ಸಹಿ ಹಾಕಿ ಹೊರಟವನ ದನಿ ಅದು. ಮಧ್ಯಾಹ್ನ ತಟ್ಟೆ ತಳ್ಳಿದ. ಮರುದಿನವೂ ತಳ್ಳಿದ. ಇನ್ನೂ ಎಷ್ಟೋ ಮೀನುಗಳಿವೆ ಎಂದು ಅವಳು ಗೋಗರೆದಳು. ಅಜ್ಜನೇ ಸಿಕ್ಕ ಮೇಲೆ ಮೊಮ್ಮಕ್ಕಳನ್ನು ಹಿಡಿದು ಏನು ಮಾಡಲಿ ಎಂದ. ಸಂಜೆ ಹೊತ್ತಿಗೆ, ಮಳೆ ಬರ್ತಿದೆಯಾ ಎಂದು ಕೇಳುವ ಹಾಗೆ, ಬೀದಿಯಲ್ಲಿ ಈಗ ಜನ ಓಡಾಡ್ತಾರಾ, ಕಮ್ಮಿನಾ ಎಂದು ಕೇಳಿದ.

ಟೈಲರಮ್ಮನಿಗೆ ಆಗ ಅರ್ಥವಾಯಿತು, ತಾನು ಏನು ಮಾಡಿದ್ದೇನೆ ಎಂದು. ಅವನನ್ನು ಹಿಡಿದಿಟ್ಟದ್ದು ಸಿಕ್ಕ ಮೀನಲ್ಲ, ಸಿಗಬೇಕಾಗಿದ್ದ ಮೀನು. ಅದನ್ನು ತನ್ನ ಕೈಯಾರೆ ಕೊಂದು ಅವನ ಮುಂದೆ ಹಾಕಿದ್ದಳು. ನಿಜ ಹೇಳಿದರೂ ಕೆಟ್ಟೆ, ಬಿಟ್ಟರೂ ಕೆಟ್ಟೆ.

ಇದರ ನಡುವೆ ಹೋಟೆಲಿನ ಕೆಲಸ. ಬೀದಿಯ ಕೊನೆಯ ಹೋಟೆಲಿಗೆ ಹೊಸ ಪರದೆಗಳನ್ನು ಹೊಲಿದಿದ್ದಳು. ಅವರು ಬಂದು ಒಯ್ಯುವವರಲ್ಲ. ಅಲ್ಲಿಗೇ ಹೋಗಿ, ಕಿಟಕಿಗೆ ನೇತುಹಾಕಿ, ಅಂಚು ಸರಿಮಾಡಿ ಕೊಡಬೇಕು. ಅಂದೇ ಆಗಬೇಕು ಎಂದು ಆಳು ಕಳಿಸಿದ್ದರು. ಈ ಕೆಲಸ ಕೈತಪ್ಪಿದರೆ ಮುಂದೆ ಯಾರೂ ದೊಡ್ಡ ಕೆಲಸ ಕೊಡುವುದಿಲ್ಲ. ಕಂಡಕ್ಟರ್ ರೂಟಿನ ಮೇಲೆ ಹೋಗಿದ್ದ, ನಾದಿನಿ ವಾರ್ಡಿನಲ್ಲಿದ್ದಳು. ಹೋಗಿ ಬರುವುದಕ್ಕೆ ಎಷ್ಟು ಹೊತ್ತು, ಬಾಗಿಲಿಗೆ ಬೀಗವಿದೆ, ಕೀಲಿಕೈ ನನ್ನ ಹತ್ತಿರವಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಮನಸ್ಸು ತಡೆಯಲಿಲ್ಲ. ಗಂಡನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಆಟ ಹಾಕಿದಳು. ಕಂಟ್ರೋಲರನ್ನು ಅವನ ಕೈಗಿಟ್ಟು, ಬೆರಳು ಮಡಿಸಿದಳು.

“ಆಡಬೇಡಿ. ನಾನು ಬರೋವರೆಗೆ ಸುಮ್ಮನೆ ಹಿಡ್ಕೊಂಡಿರಿ. ಇಷ್ಟು ಮಾಡಿ ನನಗೋಸ್ಕರ.”

“ಹೂಂ” ಎಂದ.

ಪರದೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಓಡುನಡಿಗೆಯಲ್ಲಿ ಹೋದಳು. ಹೋಟೆಲಿನ ಊಟದ ಕೋಣೆಯಲ್ಲಿ ಸ್ಟೂಲು ಹತ್ತಿ ಮೊದಲ ಪರದೆ ಏರಿಸಿದಳು. ಅಂಚು ನೆಲ ಮುಟ್ಟುತ್ತಿತ್ತು. ಎಷ್ಟು ಮಡಚಬೇಕೆಂದು ಅಳೆಯಲು, ನೋಡದೆಯೇ ಕೊರಳಿಗೆ ಕೈ ಹಾಕಿದಳು.

ಕೊರಳು ಬರಿದಾಗಿತ್ತು.

ಬೀದಿಗಿಳಿಯುವಾಗ ಟೇಪು ತೆಗೆದು ಯಂತ್ರದ ಗಾಲಿಗೆ ನೇತುಹಾಕುವುದು. ಹದಿನಾರರ ಪ್ರಾಯದಿಂದ ಬಂದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ತೆಗೆದಿತ್ತು, ನೇತುಹಾಕಿತ್ತು. ಕೀಲಿಕೈ ಯಂತ್ರದ ಕಬ್ಬಿಣಕ್ಕೆ ತಗುಲಿ ಠಣ್ ಎಂದಿರಬೇಕು. ಅವಳು ಕೇಳಿಸಿಕೊಂಡಿರಲಿಲ್ಲ. ಕಣ್ಣಿಲ್ಲದವನ ಕಿವಿ ಅದನ್ನು ಬಿಟ್ಟೀತೇ?

ಸ್ಟೂಲಿನಿಂದ ಹೇಗೆ ಇಳಿದಳೋ, ಯಾರು ಏನು ಕೂಗಿದರೋ ಒಂದೂ ತಿಳಿಯಲಿಲ್ಲ. ಚಪ್ಪಲಿ ಅಲ್ಲೇ ಉಳಿಯಿತು. ಓಡುತ್ತ ಓಡುತ್ತ ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು, ಒಂದೂ ಹಿಡಿದಿಲ್ಲ ಕಣ್ರೀ ನೀವು, ಒಂದೂ ಹಿಡಿದಿಲ್ಲ. ತಮ್ಮ ಕಟ್ಟಡದ ಮೂಲೆ ತಿರುಗಿದಾಗ ತಲೆಯೆತ್ತಲು ಧೈರ್ಯವಾಗದೆ ಮೊದಲು ನೆಲ ನೋಡಿದಳು. ಕಲ್ಲುಹಾಸು ಖಾಲಿಯಿತ್ತು. ಆಮೇಲೆ ಮೇಲೆ ನೋಡಿದಳು. ಬಾಲ್ಕನಿಯ ಬಾಗಿಲು ಹಾರುಹೊಡೆದಿತ್ತು. ಪರದೆ ಹೊರಗೆ ಬಂದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕಂಬಿಯ ಹತ್ತಿರ ಯಾರೂ ಇರಲಿಲ್ಲ.

ಮೆಟ್ಟಿಲುಗಳನ್ನು ಕೈಕಾಲು ಎರಡರಲ್ಲೂ ಹತ್ತಿದಳು.

ಬ್ರೇಕಣ್ಣ ಬಾಲ್ಕನಿಯ ಹೊಸ್ತಿಲ ಮೇಲೆ ಕೂತಿದ್ದ. ಮುಖ ಕೋಣೆಯ ಕಡೆಗಿತ್ತು, ಬೆನ್ನು ಬೀದಿಗೆ. ಅಳತೆ ಟೇಪು ಅವನ ಕೊರಳಲ್ಲಿತ್ತು. ಕಂಟ್ರೋಲರನ್ನು ಎರಡೂ ಕೈಯಲ್ಲಿ, ತುಂಬಿದ ಬಟ್ಟಲು ಹಿಡಿದವನ ಹಾಗೆ, ಅಲುಗದಂತೆ ಹಿಡಿದಿದ್ದ. ಹೆಬ್ಬೆರಳು ಗುಂಡಿಗೆ ತಾಗದಂತೆ ಮೇಲೆ ನಿಂತಿತ್ತು. ಟೈಲರಮ್ಮ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದಳು. ಉಸಿರು ಸಿಗುತ್ತಿರಲಿಲ್ಲ.

“ಬಂದೆಯಾ” ಎಂದ. “ಏನೋ ಬಿದ್ದಿದೆ, ಆಮೇಲೆ ನಾನೇನೂ ಒತ್ತಿಲ್ಲ. ಟೀವಿ ನೋಡಿ ಹೇಳು.”

ಆಮೇಲೆ ನಿಧಾನವಾಗಿ, ಯಾರದೋ ವಿಷಯ ಹೇಳುವ ಹಾಗೆ ಹೇಳಿದ. ಕೀಲಿಕೈ ಎಲ್ಲಿದೆಯೆಂದು ಗೊತ್ತಾಗಿತ್ತು. ಬಾಗಿಲು ಒಳಕ್ಕೆ ತೆಗೆಯಿತು. ಕಂಬಿಯೂ ಸಿಕ್ಕಿತು. ಹಿಡ್ಕೊಂಡಿರಿ ಅಂದಿದ್ದಳಲ್ಲ, ಅದೊಂದು ಮಾತಾದರೂ ನಡೆಸೋಣವೆಂದು ಇದನ್ನು ಹಿಡಿದುಕೊಂಡೇ ಹೋಗಿದ್ದ. ಕೈಯೊಳಗೆ ಅದು ಗುದ್ದಿತು. ಗುದ್ದಿಕೊಳ್ಳಲಿ ಎಂದು ಬಿಟ್ಟ. ಇನ್ನು ಯಾವ ಮೀನು ಬೇಕಾಗಿತ್ತು ಅವನಿಗೆ? ಮತ್ತೆ ಗುದ್ದಿತು. ಮತ್ತೆ ಬಿಟ್ಟ. ಆಮೇಲೆ ಎಳೆಯಿತು ನೋಡು, ಎಂದ ಬ್ರೇಕಣ್ಣ, ಮೊಣಕೈವರೆಗೂ ಜುಮ್ಮೆನ್ನುವ ಹಾಗೆ. ಅಂಥದ್ದು ಇದುವರೆಗೆ ಬಂದೇ ಇರಲಿಲ್ಲ. ಕೈ ತಾನಾಗಿಯೇ ಒತ್ತಿತು. ಬಹಳ ಹೊತ್ತು ಒದ್ದಾಡಿತು. ಕೊನೆಗೆ ಒಳಗೆ ಟೀವಿಯಲ್ಲಿ ಒಂದು ಹಾಡು ಬಂತು, ತುತ್ತೂರಿ ಊದಿದ ಹಾಗೆ.

“ಆ ಹಾಡು ನಾನು ಕೇಳೇ ಇಲ್ಲ. ಇಷ್ಟು ದಿನ ಆಡಿದ್ದೀನಿ, ಒಂದು ಸಲಾನೂ ಬಂದಿಲ್ಲ. ಕಂಬಿ ಹತ್ತಿರ ನಿಂತ್ಕೊಂಡು ಅದನ್ನೇ ಯೋಚನೆ ಮಾಡಿದೆ. ಯಾಕೆ ಬಂದಿಲ್ಲ?” ಮುಖವನ್ನು ಅವಳ ಕಡೆ ತಿರುಗಿಸಿದ. “ಇಷ್ಟು ದಿನ ನಾನು ಎಷ್ಟು ಹಿಡಿದೆ?”

“ಒಂದೂ ಇಲ್ಲ.”

“ಅವನು ಬಂದಾಗ? ಕಂಡಕ್ಟರು?”

“ಅವರಿಗೆ ನಾನೇ ಕೈ ಮುಗಿದಿದ್ದೆ.”

“ಕೆರೆಯಜ್ಜ?”

“ಇಲ್ಲ.”

ಬ್ರೇಕಣ್ಣನ ಮುಖ ಕಪ್ಪಿಟ್ಟಿತು. ಟೈಲರಮ್ಮ ತೆವಳಿಕೊಂಡು ಹತ್ತಿರ ಬಂದು ಅವನ ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಬೀದಿಯ ಕಡೆ ವಾಲಿದರೆ ತಾನೂ ಜೊತೆಗೇ ಹೋಗಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

“ನನಗೆ ಕಣ್ಣು ಅಂತ ಉಳಿದಿದ್ದು ನಿನ್ನ ಬಾಯಿ ಒಂದೇ ಕಣೇ” ಎಂದ. “ಅದನ್ನೂ ಕಿತ್ಕೊಂಡುಬಿಟ್ಟೆಯಲ್ಲ.”

ನೀವು ಸಾಯಬಾರದು ಅಂತ ಮಾಡಿದೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅವಳ ಆ ಸುಳ್ಳೇ ಅವನನ್ನು ಕಂಬಿಯವರೆಗೂ ಕಳಿಸಿತ್ತು. ಅವಳು ಬಾಯಿ ಮುಚ್ಚಿಕೊಂಡು ಅತ್ತಳು.

“ಅಳು ಆಮೇಲೆ. ಈಗ ನೋಡು. ಏನು ಬಿದ್ದಿದೆ?”

ಟೈಲರಮ್ಮ ಕಣ್ಣೊರೆಸಿಕೊಂಡು ಟೀವಿ ನೋಡಿದಳು. ವೀರ ತನ್ನ ಬೇಟೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ನಿಂತಿದ್ದ. ಸುತ್ತ ನಕ್ಷತ್ರಗಳು ತಿರುಗುತ್ತಿದ್ದವು. ಅವನ ಮುಖದಲ್ಲಿ ಲೋಕ ಗೆದ್ದ ಹೆಮ್ಮೆ. ಎತ್ತಿ ಹಿಡಿದದ್ದು ಒಂದು ಹಳೇ ಬೂಟು. ತಳ ಕಿತ್ತುಹೋಗಿ, ಬಾಯಿ ಬಿಟ್ಟುಕೊಂಡು, ನೀರು ತೊಟ್ಟಿಕ್ಕುತ್ತಿತ್ತು. ಬೂಟಿಗೆ ಅಷ್ಟು ಎಳೆತ ಎಲ್ಲಿಂದ ಬಂತೋ, ಆಟ ಮಾಡಿದ ಪುಣ್ಯಾತ್ಮರಿಗೇ ಗೊತ್ತು.

ಇಷ್ಟು ದಿನ ಕಾದು, ಸಾವಿನ ಅಂಚಿಗೆ ಹೋಗಿ, ಈ ಮನುಷ್ಯ ನಿಜವಾಗಿ ಹಿಡಿದದ್ದು ಒಂದು ಹರಕು ಬೂಟು. ಇದನ್ನು ಹೇಗೆ ಹೇಳುವುದು? ಹೊಳೆಯುವ ಸ್ಯಾಟಿನ್ನು, ಚಿನ್ನದ ದಾರ, ಹವಳದ ಗುಂಡಿ, ಎಲ್ಲ ಬಣ್ಣಗಳೂ ತಾವಾಗಿಯೇ ನಾಲಿಗೆಯ ತುದಿಗೆ ಬಂದು ನಿಂತವು. ಒಂದೇ ಒಂದು, ಇದೊಂದೇ ಸಲ ಎಂದು ಒಳಗಿನಿಂದ ಯಾರೋ ಬೇಡಿಕೊಂಡರು. ಅವನು ಮುಖ ಮೇಲೆತ್ತಿ ಕಾಯುತ್ತಿದ್ದ.

“ಬೂಟು” ಎಂದಳು. “ಹಳೇ ಬೂಟು ಕಣ್ರೀ. ಹರಿದಿದೆ.”

ಬ್ರೇಕಣ್ಣ ಅಲುಗಲಿಲ್ಲ.

“ಬೂಟಾ?”

“ಹೂಂ.”

“ಯಾವ ಕಾಲಿಂದು?”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಗೊತ್ತಾಗ್ತಿಲ್ಲ. ಮುಂದಿನ ಭಾಗವೇ ಕಿತ್ತೋಗಿದೆ.”

ಗೊತ್ತಾಗ್ತಿಲ್ಲ ಎಂಬ ಮಾತು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಅವನ ಎದೆ ಒಮ್ಮೆ ಮೇಲಕ್ಕೆದ್ದು ಇಳಿಯಿತು. ಅಳುತ್ತಾನೋ ನಗುತ್ತಾನೋ ಅವಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಸುಳ್ಳು ಹೇಳೋಳು ಬೂಟು ಅನ್ನಲ್ಲ, ಎಂದು ತನ್ನಷ್ಟಕ್ಕೆ ಗೊಣಗಿದ. ಆಮೇಲೆ ಕೊರಳಿನಿಂದ ಟೇಪು ತೆಗೆದು, ಕೀಲಿಕೈ ಸಮೇತ ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಅಂಗಿಯ ಚುಂಗನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

“ಹಾಗಾದ್ರೆ ಅಜ್ಜ ಇನ್ನೂ ನೀರಲ್ಲೇ ಇದಾನೆ” ಎಂದ.

ಟೈಲರಮ್ಮ ತಲೆಯಾಡಿಸಿದಳು. ಅದು ಅವನಿಗೆ ಕಾಣದೆಂದು ನೆನಪಾಯಿತು. ಅವನ ಕೈ ಹಿಡಿದು ಅದುಮಿದಳು.

“ಬಾಯಲ್ಲಿ ಹೇಳು” ಎಂದ. ದನಿಯಲ್ಲಿ ಸಿಟ್ಟು ಹಾಗೆಯೇ ಇತ್ತು. ಬಹಳ ದಿನ ಇರುವ ಸಿಟ್ಟು ಅದು, ಅವಳಿಗೆ ಗೊತ್ತಾಯಿತು.

“ಇದಾನೆ” ಎಂದಳು.

ಅವನು ಗುಂಡಿ ಒತ್ತಿದ. ವೀರ ಬೂಟನ್ನು ಪಕ್ಕಕ್ಕೆಸೆದು, ಮತ್ತೆ ಗಾಳ ಬೀಸಿ ಕೂತ. ಕೆಂಪು ಬೆಂಡು ನೀರ ಮೇಲೆ ನಿಂತಿತು. ಮೊದಲ ಗುದ್ದು ಬಂದಾಗ ಬ್ರೇಕಣ್ಣನ ಹೆಬ್ಬೆರಳು ಹಳೇ ಚಾಳಿಯಂತೆ ಹಾರಿತು. ಟೈಲರಮ್ಮ ತನ್ನ ಸೂಜಿ ಚುಚ್ಚಿದ ಬೆರಳುಗಳಲ್ಲಿ ಅದನ್ನು ಹಿಡಿದುಕೊಂಡಳು.

“ತಡೀರಿ” ಎಂದಳು. “ಇನ್ನೂ ಇಲ್ಲ.”

ಅವನು ತಡೆದ. ಬೆನ್ನ ಹಿಂದೆ ಬಾಲ್ಕನಿಯ ಬಾಗಿಲು ತೆರೆದೇ ಇತ್ತು, ಎದ್ದು ಹಾಕುವುದಕ್ಕೆ ಇಬ್ಬರ ಕೈಗೂ ಬಿಡುವಿರಲಿಲ್ಲ.